ಅತ್ತಿಗೆಯ ಉಸಿರು

ಜನವರಿ 7, ಶನಿವಾರ

ಲೇಖಕರಿಗೆ ನಮಸ್ಕಾರ.

ನಾವಿಬ್ಬರೂ ಮುಖ ನೋಡಿಕೊಂಡವರಲ್ಲ. ಮೂರು ವರ್ಷಗಳಿಂದ ನೀವು ನಿಮ್ಮ ಊರಿನಿಂದ ಅಂಚೆಯಲ್ಲಿ ಮಾತು ಕಳಿಸುತ್ತೀರಿ, ನಾನು ಈ ಊರಿನ ರೇಡಿಯೋ ನಿಲಯದಲ್ಲಿ ಮೈಕಿನ ಮುಂದೆ ನಿಂತು ಅದನ್ನು ಆಡುತ್ತೇನೆ. ಶುಕ್ರವಾರದ ಧಾರಾವಾಹಿಯ ಅತ್ತಿಗೆ ನಾನೇ.

ನೀವು ಬರೆದು ಕೈತೊಳೆದುಕೊಳ್ಳುತ್ತೀರಿ. ಬೀದಿಯಲ್ಲಿ ಓಡಾಡುವವಳು ನಾನು. ಹೋದ ತಿಂಗಳು ತರಕಾರಿ ಅಂಗಡಿಯಲ್ಲಿ "ಅರ್ಧ ಕಿಲೋ ಈರುಳ್ಳಿ ಕೊಡಪ್ಪಾ" ಅಂದೆ, ಅಷ್ಟೇ. ಅಂಗಡಿಯವನು ತಕ್ಕಡಿ ಕೆಳಗಿಟ್ಟು, "ಆ ಅತ್ತಿಗೆ ನೀವೇನಾ?" ಅಂದ. ಕೊಳೆತದ್ದನ್ನೇ ಆರಿಸಿ ಕೊಟ್ಟ. ಈಗ ನಾನು ಅಂಗಡಿಗಳಲ್ಲಿ ಬಾಯಿ ಬಿಡುವುದಿಲ್ಲ, ಬೆರಳು ತೋರಿಸುತ್ತೇನೆ. ಇಡೀ ಪೇಟೆ ನನ್ನನ್ನು ಮೂಗಿ ಅಂದುಕೊಂಡಿದೆ.

ಇದು ದೂರಲ್ಲ. ಅತ್ತಿಗೆಯನ್ನು ಜನ ಬೈಯಬೇಕು, ಅವಳು ಮಾಡಿದ್ದೇ ಹಾಗಿದೆ. ಓರಗಿತ್ತಿಗೆ ಹೆರಿಗೆ ನೋವು ಬಂದ ರಾತ್ರಿ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ಸೂಲಗಿತ್ತಿಯನ್ನು ಕರೆತರಬೇಕಾದವಳು ಹೊರಬಾಗಿಲಿಗೆ ಅಗುಳಿ ಹಾಕಿ ಸುಮ್ಮನೆ ಕೂತಳು. ಸಾಯಂಕಾಲ ಆಡಿಕೊಂಡ ಜಗಳದ ಸಿಟ್ಟು. ಮಗು ಉಳಿಯಲಿಲ್ಲ. ಬೆಳಿಗ್ಗೆ ಎಲ್ಲರೆದುರು "ಹೋಗಿ ತಟ್ಟಿದೆ, ಸೂಲಗಿತ್ತಿ ಬಾಗಿಲೇ ತೆಗೀಲಿಲ್ಲ" ಅಂದಳು. ಆ ಸುಳ್ಳನ್ನು ಎರಡು ವರ್ಷ ನನ್ನ ಗಂಟಲಲ್ಲಿ ಇಟ್ಟುಕೊಂಡಿದ್ದೆ. ಅದು ಬಯಲಾದ ಕಂತು ಆಡಿ ಮುಗಿಸಿದ ದಿನ ಮನೆಗೆ ಬಂದು ಊಟ ಮಾಡಲಿಲ್ಲ.

ಮೊನ್ನೆ ನೀವು ಕಳಿಸಿದ ಕೊನೆಯ ಕಂತುಗಳು ಬಂದವು. ಅಡುಗೆಮನೆಗೆ ಬೆಂಕಿ. ಒಳಗೆ ಓರಗಿತ್ತಿ. ಅತ್ತಿಗೆ ಹಾರುತ್ತಾಳೆ, ಅವಳನ್ನು ಎಳೆದು ತರುತ್ತಾಳೆ, ಬೀಳುತ್ತಾಳೆ, ಓರಗಿತ್ತಿಯ ಮಡಿಲಲ್ಲಿ ತಲೆಯಿಟ್ಟು "ಕ್ಷಮಿಸು" ಅನ್ನುತ್ತಾಳೆ, "ಕ್ಷಮಿಸಿದ್ದೀನಿ ಅಕ್ಕಾ" ಅನ್ನಿಸಿಕೊಳ್ಳುತ್ತಾಳೆ, ಸಾಯುತ್ತಾಳೆ. ಪಿಟೀಲು.

ಇದನ್ನು ನಾನು ಓದುವುದಿಲ್ಲ. ಸತ್ತು ಒಳ್ಳೆಯವಳಾಗುವುದು ಬಹಳ ಸುಲಭ, ಅರ್ಧ ನಿಮಿಷದ ಕೆಲಸ. ಅವಳನ್ನು ಬದುಕಿಸಿ. ಬದುಕಿ ಏನು ಮಾಡುತ್ತಾಳೋ ನೋಡೋಣ.

ಶುಕ್ರವಾರ ಸಂಜೆ ಅರ್ಧ ಗಂಟೆ ಮಾತ್ರ
ನಿಮ್ಮ ಅತ್ತಿಗೆ


ಜನವರಿ 13

ಅತ್ತಿಗೆಯ ಪಾತ್ರಧಾರಿಯವರಿಗೆ,

ತಮ್ಮ ಪತ್ರ ತಲುಪಿತು. ಬರೆಯುವುದು ನನ್ನ ಕೆಲಸ, ಓದುವುದು ತಮ್ಮ ಕೆಲಸ. ಈ ಏರ್ಪಾಡು ಮೂರು ವರ್ಷ ಚೆನ್ನಾಗಿಯೇ ನಡೆದಿದೆ, ಕೊನೆಯಲ್ಲಿ ಕೆಡಿಸುವುದು ಬೇಡ.

ಪಾತ್ರ ಮುಗಿದರೆ ತಮ್ಮ ಶುಕ್ರವಾರವೂ ಮುಗಿಯುತ್ತದೆ ಎಂಬುದು ನನಗೆ ಅರ್ಥವಾಗುತ್ತದೆ. ಅದಕ್ಕೆ ನಿರ್ದೇಶಕರನ್ನು ಕೇಳಿ, ಬೇರೆ ಪಾತ್ರ ಕೊಟ್ಟಾರು. ಅತ್ತಿಗೆಯ ಜೀವವನ್ನು ಅದಕ್ಕೆ ಅಡ್ಡ ಹಿಡಿಯಬೇಡಿ.

ಜನ ಮೆಚ್ಚುವ ಕಥೆಗೆ ಒಂದು ನಡೆಯಿದೆ. ಕೆಟ್ಟದ್ದು ಮಾಡಿದವರು ಕೊನೆಗೆ ಬೆಲೆ ತೆರುತ್ತಾರೆ. ಕೇಳುವವರು ಕಣ್ಣು ಒರೆಸಿಕೊಂಡು, ಮೂರು ವರ್ಷ ಬೈದದ್ದನ್ನು ಮರೆತು, ನೆಮ್ಮದಿಯಾಗಿ ಮಲಗುತ್ತಾರೆ. ಬದುಕಿಸಿ ಎನ್ನುತ್ತೀರಲ್ಲ, ಬದುಕಿಸಿ ಏನು ಮಾಡಿಸಲಿ? ಸತ್ತ ಮಗುವನ್ನು ಅವಳು ಎಲ್ಲಿಂದ ತಂದುಕೊಡುತ್ತಾಳೆ?

ನಮ್ಮ ಮನೆಯಲ್ಲೂ ಶುಕ್ರವಾರ ರೇಡಿಯೋ ಮುಂದೆ ಮೂವರು ಕೂರುತ್ತೇವೆ. ನಾನು, ನನ್ನ ಹೆಂಡತಿ, ಮತ್ತೊಬ್ಬರು ಹಿರಿಯರು. ಈ ಕಥೆ ಬೇಗ ಮುಗಿದರೆ ಎಲ್ಲರಿಗೂ ಒಳ್ಳೆಯದು.

ಇಂತು,
ಲೇಖಕ


ಜನವರಿ 17

ಲೇಖಕರೇ,

ನಾನು ಕೂಲಿಗಾಗಿ ಅತ್ತಿಗೆಯ ಜೀವ ಹಿಡಿದುಕೊಂಡಿದ್ದೇನೆ ಅಂದಿರಿ. ಆಗಲಿ, ಹಾಗೇ ಅಂದುಕೊಳ್ಳಿ. ನಿಮ್ಮ ಬಾಯಿಗೆ ನಾನು ಅಗುಳಿ ಹಾಕಲಾರೆ.

ಆದರೆ ಒಂದು ವಿಷಯ ಹೇಳುತ್ತೇನೆ ಕೇಳಿ. ಹೋದ ತಿಂಗಳು ಹೊಲಿಗೆ ಅಂಗಡಿಗೆ ಹೋಗಿದ್ದೆ. ಅಳತೆ ಕೊಡುವಾಗ ಬೆರಳು ತೋರಿಸಿದರೆ ಸಾಲದಲ್ಲ, "ತೋಳು ಸ್ವಲ್ಪ ಉದ್ದ ಇರಲಿ" ಅಂದೆ. ಮೂಲೆಯಲ್ಲಿ ಒಬ್ಬ ಹೆಂಗಸು ಇಸ್ತ್ರಿ ಹಾಕುತ್ತಿದ್ದಳು. ನನ್ನ ವಯಸ್ಸಿನವಳೇ. ತಲೆ ಎತ್ತಿ ನೋಡಿದಳು, ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು, ನಾನು ಹೊರಗೆ ಬಂದಾಗ ಹಿಂದೆಯೇ ಬಂದಳು. ಉಗಿಯುತ್ತಾಳೆ ಅಂದುಕೊಂಡೆ.

"ಅಮ್ಮಾ, ಅತ್ತಿಗೆ ಮುಂದೆ ಏನ್ ಮಾಡ್ತಾಳೆ?" ಅಂದಳು.

"ಅದನ್ನ ಮೊದಲೇ ಹೇಳೋ ಹಾಗಿಲ್ಲಮ್ಮ."

"ಹೇಳಿ. ನಾನೂ ಒಬ್ರ ಮನೇಲಿ ಅಂಥದ್ದೇ ಒಂದು ಮಾಡಿದೀನಿ. ಯಾರಿಗೂ ಗೊತ್ತಿಲ್ಲ. ಅವಳು ಏನ್ ಮಾಡ್ತಾಳೋ ನೋಡಿ ನಾನೂ ಅದನ್ನೇ ಮಾಡೋಣ ಅಂತ ಕಾಯ್ತಿದೀನಿ."

ನಾನು ಸರಸರನೆ ನಡೆದು ಬಂದುಬಿಟ್ಟೆ. ಅದಾದ ಮೇಲೆ ನಿಮ್ಮ ಬೆಂಕಿ ಬಂತು. ಈಗ ಅವಳಿಗೆ ಏನು ಹೇಳಲಿ? ಎಲ್ಲಾದರೂ ಬೆಂಕಿ ಬಿದ್ದಿದೆಯಾ ನೋಡು, ಹಾರು ಅಂತಲೇ? ಅವಳ ಅದೃಷ್ಟಕ್ಕೆ ಊರಲ್ಲಿ ಎಲ್ಲೂ ಬೆಂಕಿ ಬೀಳದಿದ್ದರೆ ಏನು ಮಾಡಬೇಕು?

ಮಗುವನ್ನು ಎಲ್ಲಿಂದ ತರುತ್ತಾಳೆ ಅಂದಿರಿ. ತರಲಾರಳು. ಅದು ಹೋದದ್ದು ಹೋಯಿತು, ಯಾವ ಪಿಟೀಲಿಗೂ ಅದು ಬರುವುದಿಲ್ಲ. ಅದಕ್ಕೇ ಹಳೆಯ ಕಂತುಗಳನ್ನೆಲ್ಲ ತೆಗೆದು ಓದುತ್ತಾ ಕೂತೆ, ಇವಳಿಂದ ಸರಿಹೋಗುವಂಥದ್ದು ಒಂದಾದರೂ ಇದೆಯಾ ಅಂತ. ಇದೆ, ಲೇಖಕರೇ. ಸೂಲಗಿತ್ತಿ. ಬಾಗಿಲು ತೆಗೆಯಲಿಲ್ಲ ಅಂತ ಬೀದಿಯವರೆಲ್ಲ ಅವಳ ಮೇಲೆ ಎಗರಿ ಬೀಳುವ ದೃಶ್ಯ ಮೊದಲನೇ ವರ್ಷದಲ್ಲಿದೆ. ಅವಳನ್ನು ಯಾರೂ ಕರೆಯುವುದಿಲ್ಲ, ಅವಳು ಗಂಟುಮೂಟೆ ಕಟ್ಟುತ್ತಾಳೆ. ಅಲ್ಲಿಂದಾಚೆ ಅವಳ ಸುದ್ದಿಯೇ ಇಲ್ಲ. ಸತ್ಯ ಬಯಲಾದಾಗಲೂ ಎಲ್ಲರೂ ಎಲ್ಲರನ್ನೂ ತಬ್ಬಿಕೊಂಡು ಅತ್ತರು, ಅವಳಿಗೆ ಹೇಳಿಕಳಿಸಿದವರಿಲ್ಲ. ನೀವು ಅವಳನ್ನು ಮರೆತೇಬಿಟ್ಟಿದ್ದೀರಿ.

ನಿಮ್ಮ ಮನೆಯ ಹಿರಿಯರಿಗೆ, ನಿಮ್ಮ ತಾಯಿಯವರಿರಬೇಕು, ನನ್ನ ನಮಸ್ಕಾರ ತಿಳಿಸಿ. ಅತ್ತಿಗೆ ಸಾಯುವುದಿಲ್ಲ ಅಂತಲೂ ತಿಳಿಸಿ.

ಅತ್ತಿಗೆ


ಜನವರಿ 28

ಪಾತ್ರಧಾರಿಯವರಿಗೆ,

ಹತ್ತು ದಿನ ಉತ್ತರಿಸಬಾರದು ಎಂದೇ ಇದ್ದೆ.

ಕಂತು ಬದಲಾಗುವುದಿಲ್ಲ. ನಿರ್ದೇಶಕರೊಂದಿಗೆ ಮಾತಾಡಿದ್ದೇನೆ. ತಾವು ಒಲ್ಲೆ ಎಂದರೆ ತಮ್ಮ ಹಾಗೆಯೇ ಮಾತಾಡುವ ಒಬ್ಬರು ಸಿದ್ಧರಿದ್ದಾರಂತೆ. ಅವರು ಬಂದು ಸಾಯುತ್ತಾರೆ. ಕೇಳುಗರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇಸ್ತ್ರಿ ಹಾಕುವ ಹೆಂಗಸಿಗೆ ನಾನು ಹೊಣೆಯಲ್ಲ. ನನ್ನದು ಕಥೆ, ಪಂಚಾಯಿತಿ ಕಟ್ಟೆಯಲ್ಲ.

ಸೂಲಗಿತ್ತಿ ಒಂದು ಸಣ್ಣ ಪಾತ್ರ. ಅವಳ ಮಾತು ಎತ್ತಬೇಡಿ. ದಯವಿಟ್ಟು ಎತ್ತಬೇಡಿ.

ಲೇಖಕ


ಫೆಬ್ರವರಿ 4

ಲೇಖಕರೇ,

ಬೇರೆಯವಳು ಬಂದು ನನ್ನ ಸಾವು ಸಾಯುವುದು ಬೇಡ. ನಾನೇ ಓದುತ್ತೇನೆ. ನೀವು ಬರೆದದ್ದರಲ್ಲಿ ಒಂದಕ್ಷರ ಸೇರಿಸುವುದಿಲ್ಲ, ಒಂದಕ್ಷರ ಬಿಡುವುದಿಲ್ಲ. ನಿರ್ದೇಶಕರಿಗೆ ಮಾತು ಕೊಟ್ಟಿದ್ದೇನೆ, ನಿಮಗೂ ಕೊಡುತ್ತೇನೆ.

ಶುಕ್ರವಾರ ಕೇಳಿ. ಸಂಗೀತ ನಿಲ್ಲುವವರೆಗೂ ಕೇಳಿ.

ಅತ್ತಿಗೆ


ಫೆಬ್ರವರಿ 11, ಶನಿವಾರ

ಅಮ್ಮಾ,

ಇದೇನು ಮಾಡಿಬಿಟ್ಟಿರಿ?

ಎಲ್ಲವೂ ಸರಿಯಾಗಿ ನಡೆಯುತ್ತಿತ್ತು. ಬೆಂಕಿಯ ಸದ್ದು, ಕೂಗಾಟ, ತಮ್ಮ "ಕ್ಷಮಿಸು". ಆ ಒಂದು ಮಾತಿಗೆ ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ. ಓರಗಿತ್ತಿ "ಅಕ್ಕ ಹೋಗಿಬಿಟ್ಟಳು" ಎಂದಳು. ಆಗ ತಾವು ಮೈಕಿನಿಂದ ದೂರ ಸರಿಯಬೇಕಿತ್ತು. ಸರಿಯಲಿಲ್ಲ. ಉಸಿರಾಡಿದಿರಿ. ಅವಳು ಅಳುತ್ತಿದ್ದಾಳೆ, ತಾವು ಉಸಿರಾಡುತ್ತಿದ್ದೀರಿ. ಮೈದುನ "ಎಂಥ ಸಾವು" ಎನ್ನುತ್ತಾನೆ, ತಾವು ಉಸಿರಾಡುತ್ತಿದ್ದೀರಿ. ಪಿಟೀಲು ಶುರುವಾದರೂ ಅದರ ಅಡಿಯಲ್ಲಿ ಆ ಸದ್ದು, ಒಲೆ ಊದಿ ದಣಿದವರ ಹಾಗೆ, ಬಿಟ್ಟು ಬಿಟ್ಟು, ಕೊನೆಯವರೆಗೂ. ನೇರ ಪ್ರಸಾರದಲ್ಲಿ, ಇಷ್ಟು ಜನ ಕೇಳುವ ಹೊತ್ತಿನಲ್ಲಿ.

ಒಂದಕ್ಷರ ಬದಲಿಸುವುದಿಲ್ಲ ಎಂದು ಮಾತು ಕೊಟ್ಟವರು ತಾವು. ಬದಲಿಸಲಿಲ್ಲ, ಒಪ್ಪುತ್ತೇನೆ. ಇದಕ್ಕಿಂತ ಬದಲಿಸಿದ್ದರೇ ವಾಸಿಯಿತ್ತು. ನಿರ್ದೇಶಕರಿಗೆ ದೂರು ಬರೆದಿದ್ದೇನೆ.

ನನ್ನ ಹೆಂಡತಿ ಕೂಡ ಅವಳು ಸತ್ತಿಲ್ಲ ಎಂದೇ ವಾದಿಸುತ್ತಿದ್ದಾಳೆ. ಮನೆಯಲ್ಲಿ ಸಮಾಧಾನವಿಲ್ಲ. ಇನ್ನು ಬರೆಯಬೇಡಿ.

ಲೇಖಕ


ಫೆಬ್ರವರಿ 16

ಲೇಖಕರೇ,

ಬರೆಯಬೇಡಿ ಅಂದರೆ ಬಿಡುವ ಪೈಕಿ ನಾನಲ್ಲ ಅಂತ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು.

ಗಾಜಿನಾಚೆ ನಿರ್ದೇಶಕರು ಎರಡೂ ಕೈ ಬೀಸುತ್ತಿದ್ದರು. ಓರಗಿತ್ತಿ ಆಡುವ ಹುಡುಗಿ ಅಳುತ್ತಲೇ ನನ್ನ ಸೀರೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದಳು. ನಾನು ಮೈಕಿನ ಕಂಬ ಹಿಡಿದು ನಿಂತಿದ್ದೆ. ರೇಡಿಯೋದಲ್ಲಿ ಹೆಣ ಕಾಣುವುದಿಲ್ಲ. ನಾಲ್ಕು ಜನ ಸೇರಿ ಸತ್ತಳು ಅಂದರೆ ಸತ್ತ ಹಾಗೆ. ಮೂರು ವರ್ಷ ಜನ ನನ್ನನ್ನು ಏನಂದರೆ ಅದಾದೆ, ಇದೊಂದು ಆಗಲಿಲ್ಲ.

ಈಗ ನಿಲಯದ ಬಾಗಿಲಲ್ಲಿ ನನ್ನನ್ನು ಒಳಗೆ ಬಿಡುತ್ತಿಲ್ಲ. ಕಾವಲಿನವನು ಪಾಪ, "ಅಕ್ಕಾ, ನಿಮ್ಮ ಹೆಸರು ಬರೆದಿಟ್ಟಿದಾರೆ, ನಾನೇನ್ ಮಾಡ್ಲಿ" ಅಂತ ಚಹಾ ತರಿಸಿಕೊಟ್ಟ. ಕೇಳುಗರ ಪತ್ರಗಳು ಚೀಲಗಟ್ಟಲೆ ಬಂದು ಬಿದ್ದಿವೆಯಂತೆ, ಅವನೇ ಹೇಳಿದ. ಅರ್ಧ ಜನ "ಆ ಪಾಪಿ ಇನ್ನೂ ಬದುಕಿದ್ದಾಳಾ" ಅಂತ, ಅರ್ಧ ಜನ "ಬೇಗ ಆಸ್ಪತ್ರೆಗೆ ಸೇರಿಸಿ" ಅಂತ. ಸತ್ತಳು ಅಂತ ನಂಬಿದವರು ಯಾರೂ ಇಲ್ಲ. ಆ ಉಸಿರಿನ ಸದ್ದು ಯಂತ್ರದ ದೋಷ ಅಂತ ನಿರ್ದೇಶಕರು ಪ್ರಕಟಣೆ ಓದಿಸಿದರು. ಯಂತ್ರಕ್ಕೆ ಉಬ್ಬಸ ಬಂದಿತ್ತು ಅಂತ ಪೇಟೆಯಲ್ಲಿ ನಗುತ್ತಿದ್ದಾರೆ.

ನನ್ನನ್ನು ಹೊರಗಿಟ್ಟರೂ ಸರಿ, ಅವಳು ಒಳಗೆ ಉಸಿರಾಡುತ್ತಿದ್ದಾಳೆ. ನಿಮ್ಮ ಪೆನ್ನಿಗೆ ಧೈರ್ಯವಿದ್ದರೆ ಅವಳನ್ನು ಎಬ್ಬಿಸಿ ಕೂರಿಸಿ.

ಅತ್ತಿಗೆ


ಮಾರ್ಚ್ 3

ತಂಗೀ,

ಹೀಗೆ ಕರೆಯಬಹುದೇ? ಬೇರೆ ಯಾವುದನ್ನು ಬರೆದರೂ ಕೈ ತಡೆಯುತ್ತಿದೆ.

ಮೊದಲು ಒಂದು ತಪ್ಪು ತಿದ್ದಿಕೊಳ್ಳುತ್ತೇನೆ. ನಿರ್ದೇಶಕರ ಪತ್ರ ಬಂದಿತ್ತು. ಈ ಕಥೆ ಮುಗಿದ ಮರುವಾರದಿಂದ ಹೊಸ ಧಾರಾವಾಹಿಯ ನಾಯಕಿ ನೀನೇ ಎಂದು ಡಿಸೆಂಬರಿನಲ್ಲೇ ನಿನಗೆ ಹೇಳಿಯಾಗಿತ್ತಂತೆ. ಒಳ್ಳೆಯ ಹೆಂಗಸಿನ ಪಾತ್ರ. ಅತ್ತಿಗೆಯನ್ನು ಸಾಯಿಸಿದ್ದರೆ ನಿನಗೆ ಲಾಭವೇ ಇತ್ತು. ನಾನು ಕೂಲಿಯ ಮಾತಾಡಿದಾಗ ಅದನ್ನು ನನ್ನ ಮುಖಕ್ಕೆ ಎಸೆಯಬಹುದಿತ್ತು, ನೀನು ಎಸೆಯಲಿಲ್ಲ.

ಇನ್ನು ನಮ್ಮ ಮನೆಯ ಹಿರಿಯರು. ನೀನು ನಮಸ್ಕಾರ ತಿಳಿಸಿದ್ದು ನನ್ನ ತಾಯಿಗಲ್ಲ. ನನ್ನ ಅತ್ತಿಗೆಗೆ.

ಕಥೆ ಅವರದೇ. ಅಗುಳಿ ಅವರದು, ಮಗು ನಮ್ಮದು. ನಾನು ಪರವೂರಿನಲ್ಲಿದ್ದೆ. ಮರುದಿನ ಬಂದವನು ಅವರ ಮಾತು ನಂಬಿ ಸೂಲಗಿತ್ತಿಯ ಮನೆಯ ಮುಂದೆ ನಿಂತು ಬಾಯಿಗೆ ಬಂದಂತೆ ಬೈದೆ. ಬೀದಿಯೆಲ್ಲ ಸೇರಿತು. ಅತ್ತಿಗೆ ಅಂಗಳ ದಾಟಿದ ಚಪ್ಪಲಿ ಸದ್ದು ಅವತ್ತು ಕೇಳಲೇ ಇಲ್ಲ ಎಂದು ನನ್ನ ಹೆಂಡತಿ ಹಾಸಿಗೆಯಿಂದ ಏಳುವ ಹೊತ್ತಿಗೆ ಹೇಳಿದಳು. ಅಷ್ಟರಲ್ಲಿ ಸೂಲಗಿತ್ತಿ ಬೀದಿ ಬಿಟ್ಟಾಗಿತ್ತು. ಮನೆಯ ಮಾತು ಮನೆಯಲ್ಲೇ ಇರಲಿ ಎಂದರು ಅಣ್ಣ. ಇದ್ದುಬಿಟ್ಟೆವು. ಅಣ್ಣ ಹೋದ ಮೇಲೂ ಅತ್ತಿಗೆ ನಮ್ಮೊಂದಿಗೇ ಉಳಿದರು. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿ ಆ ಇಬ್ಬರು ಹೆಂಗಸರು ಉಪ್ಪು, ನೀರು, ಬೆಂಕಿಪೊಟ್ಟಣದ ಮಾತಲ್ಲದೆ ಬೇರೆ ಮಾತಾಡಿದವರಲ್ಲ. ನಾನು ಅದನ್ನು ಕಥೆ ಮಾಡಿ ರೇಡಿಯೋಗೆ ಕಳಿಸಿದೆ. ಶುಕ್ರವಾರ ಅವರನ್ನು ಕೂರಿಸಿ ಕೇಳಿಸಿದೆ. ಅವರು ಒಮ್ಮೆಯೂ ಎದ್ದು ಹೋಗಲಿಲ್ಲ. ಸಂಗೀತ ಬಂದ ಮೇಲೆ ಪಾತ್ರೆ ತೊಳೆಯಲು ಹೋಗುತ್ತಿದ್ದರು.

ಆ ಶುಕ್ರವಾರ ಹೋಗಲಿಲ್ಲ. ನಿನ್ನ ಉಸಿರು ನಿಂತ ಮೇಲೂ ಕೂತಿದ್ದರು.

ನನ್ನ ಹೆಂಡತಿ ರೇಡಿಯೋ ಆರಿಸಿ, "ಸತ್ತಿಲ್ಲ ಅವಳು" ಅಂದಳು. ಯಂತ್ರ ಕೆಟ್ಟಿರಬೇಕು ಅಂದೆ. ಅವಳು ತಿರುಗಿ ನಿಂತಳು.

"ಕ್ಷಮಿಸಿದ್ದೀನಿ ಅಕ್ಕಾ ಅಂತ ಬರೆದಿದೀರಲ್ಲ, ನನ್ನನ್ನ ಕೇಳಿದ್ರಾ? ಮಗು ನಿಮ್ಮದೂ ಹೌದು. ಆದ್ರೆ ಆ ರಾತ್ರಿ ಒಳಗೆ ಇದ್ದವಳು ನಾನು. ನಾನು ಕ್ಷಮಿಸಿಲ್ಲ. ಕ್ಷಮಿಸೋ ಯೋಚನೇನೂ ಇಲ್ಲ. ಹಾಗಂತ ಅವಳನ್ನ ಸುಟ್ಟುಹಾಕಿ ಅಂತ ನಿಮಗೆ ಯಾರು ಹೇಳಿದ್ದು? ಸತ್ತು ತಪ್ಪಿಸ್ಕೊಳ್ಳೋದು ಬೇರೆ ಕೇಡು."

ಇದೆಲ್ಲ ಅತ್ತಿಗೆಯ ಎದುರಿಗೇ. ನಾನು ಕಥೆಯ ಮಾತು ಆಡುತ್ತಿದ್ದೇನೆ ಎಂದುಕೊಂಡಿದ್ದೆ, ಅವಳು ಮನೆಯ ಮಾತು ಆಡುತ್ತಿದ್ದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಆಗ ಅತ್ತಿಗೆ ಬಾಯಿ ಬಿಟ್ಟರು.

"ಆ ಸೂಲಗಿತ್ತಿ ಈಗ ಎಲ್ಲಿದಾಳೆ?"

ಸೂಲಗಿತ್ತಿಯ ಮಾತಿದ್ದ ನಿನ್ನ ಜನವರಿಯ ಪತ್ರವನ್ನು ಮೇಜಿನ ಮೇಲೆ ಬಿಟ್ಟಿದ್ದೆ. ನನ್ನ ಹೆಂಡತಿ ಅದನ್ನು ಓದಿದ್ದಳು. ಅತ್ತಿಗೆಗೆ ಓದು ಬಾರದು, ಅವರಿಗೂ ಓದಿ ಹೇಳಿದ್ದಳು. ಉಪ್ಪು ನೀರಿನ ಆಚೆಗೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ನಿನ್ನ ಪತ್ರ.

ಆದರೂ ನನಗೆ ಸಿಟ್ಟೇ ಬಂದಿತ್ತು. ಎಲ್ಲ ಬಿಟ್ಟು ನಿನಗೆ ದೂರಿನ ಪತ್ರ ಬರೆದೆ. ಈ ಕಡೆ ಅತ್ತಿಗೆ ಸೂಲಗಿತ್ತಿಯನ್ನು ಹುಡುಕಲು ಶುರುಮಾಡಿದ್ದರು.

ಬಸ್ ಡಿಪೋ ಹಿಂದಿನ ಬೀದಿಯಲ್ಲಿ ಸಿಕ್ಕರು. ಮುದುಕಿಯಾಗಿದ್ದಾರೆ. ಹರಿದ ಬಟ್ಟೆಗೆ ರಫೂ ಹಾಕಿ ಬದುಕುತ್ತಾರೆ. ಅತ್ತಿಗೆ ಒಬ್ಬರೇ ಹೊರಟಾಗ ನನ್ನ ಹೆಂಡತಿಯೂ ಚಪ್ಪಲಿ ಹಾಕಿಕೊಂಡಳು. "ನಾನೂ ಬರ್ತೀನಿ. ನೀನು ಮತ್ತೆ ಕಥೆ ಬದಲಾಯಿಸದ ಹಾಗೆ ನೋಡ್ಕೋಬೇಕಲ್ಲ" ಅಂದಳು. ನಾನು ಇಬ್ಬರ ಹಿಂದೆ ನಡೆದೆ.

ಅತ್ತಿಗೆ ಬಾಗಿಲು ತಟ್ಟಿದರು. ಸೂಲಗಿತ್ತಿ ತೆರೆದು, ಮೂವರನ್ನೂ ನೋಡಿ, ಗುರುತು ಹಿಡಿದರು. ಅತ್ತಿಗೆ ಅಳಲಿಲ್ಲ, ಕಾಲು ಹಿಡಿಯಲಿಲ್ಲ. "ಅವತ್ತು ನಿನ್ನ ಬಾಗಿಲು ನಾನು ತಟ್ಟಲೇ ಇಲ್ಲ" ಅಂದರು.

"ಅದು ನನಗೆ ಗೊತ್ತಿಲ್ವಾ?" ಎಂದರು ಸೂಲಗಿತ್ತಿ. "ಗೊತ್ತಾಗಬೇಕಾದವರಿಗೆ ಹೇಳು ಹೋಗು." ನನ್ನ ಕಡೆ ನೋಡಲೂ ಇಲ್ಲ. ಬಾಗಿಲು ಹಾಕಿಕೊಂಡರು.

ಆವತ್ತಿನಿಂದ ಅತ್ತಿಗೆ ದಿನಾ ನಮ್ಮ ಹಳೆಯ ಬೀದಿಗೆ ಹೋಗುತ್ತಾರೆ. ಒಂದೊಂದೇ ಮನೆ. ತಟ್ಟುತ್ತಾರೆ, ಆ ಒಂದು ಮಾತು ಹೇಳುತ್ತಾರೆ, ಮುಂದಿನ ಮನೆಗೆ ಹೋಗುತ್ತಾರೆ. ಕೆಲವರು ಬೈಯುತ್ತಾರೆ. ಕೆಲವರಿಗೆ ಏನೂ ನೆನಪಿಲ್ಲ, ಕೂರಿಸಿ ನೀರು ಕೊಡುತ್ತಾರೆ, ಅವರಿಗೆ ಮೊದಲಿಂದ ಹೇಳಬೇಕು. ನಾನು ಬೈದದ್ದನ್ನು ನಾನೇ ಹೇಳುತ್ತೇನೆ, ಅದಕ್ಕೆ ಅವರನ್ನು ಮುಂದೆ ಮಾಡುವುದಿಲ್ಲ. ನನ್ನ ಹೆಂಡತಿ ಪಕ್ಕದಲ್ಲಿ ನಿಂತಿರುತ್ತಾಳೆ. ಈಗಲೂ ಕ್ಷಮಿಸಿಲ್ಲ ಎಂದು ದಾರಿಯುದ್ದಕ್ಕೂ ಹೇಳುತ್ತಾಳೆ. ಅತ್ತಿಗೆ "ಹೂಂ" ಅನ್ನುತ್ತಾರೆ.

ನೀನಿಲ್ಲದೆ ಒಂದು ಸಾಲೂ ಕಳಿಸುವುದಿಲ್ಲ ಎಂದು ನಿರ್ದೇಶಕರಿಗೆ ಬರೆದೆ. ಆ ಚೀಲಗಟ್ಟಲೆ ಪತ್ರಗಳು ನನ್ನ ಮಾತಿಗೆ ತೂಕ ಕೊಟ್ಟವು, ಒಪ್ಪಿದ್ದಾರೆ. ಹೊಸ ಕಂತು ಇದರೊಂದಿಗಿದೆ. ಓರಗಿತ್ತಿಯ ಮಾತುಗಳನ್ನು ನನ್ನ ಹೆಂಡತಿಯ ಮುಂದೆ ಓದಿ, ಅವಳು ಒಪ್ಪಿದ್ದನ್ನಷ್ಟೇ ಇಟ್ಟಿದ್ದೇನೆ. ಅದರಲ್ಲಿ ಅತ್ತಿಗೆಯ ಸುಟ್ಟ ಗಾಯ ಮಾಯುತ್ತದೆ, ಅವಳು ಸೂಲಗಿತ್ತಿಯ ಬಾಗಿಲಿಗೆ ಹೋಗುತ್ತಾಳೆ. ಕೊನೆಗೆ ಬಾಗಿಲು ತೆರೆಯುವ ಸದ್ದು ಹಾಕಬೇಡಿ ಎಂದು ಬರೆದಿದ್ದೇನೆ. ಪಿಟೀಲಿನವರಿಗೆ ಬೇಸರವಾಗಬಹುದು.

ನಿನ್ನ ಅಣ್ಣ


ಮಾರ್ಚ್ 11, ಶನಿವಾರ

ಅಣ್ಣಾ,

ನಿನ್ನೆ ಆಡಿದೆ. ನೀವು ಮೂವರೂ ಕೇಳಿರುತ್ತೀರಿ.

ಸದ್ದು ಮಾಡುವವನು ತನ್ನ ಮರದ ಪೆಟ್ಟಿಗೆ ತಂದು, "ನೀವು ಮಾತಾಡಿ, ತಟ್ಟೋದು ನನ್ನ ಕೆಲಸ" ಅಂದ. ಕೊಡಲಿಲ್ಲ. ನಾನೇ ತಟ್ಟುತ್ತೇನೆ ಅಂದೆ. ಇವತ್ತು ಬೆರಳ ಗೆಣ್ಣು ಊದಿಕೊಂಡಿದೆ, ಅಕ್ಷರ ಹೇಗಿದೆ ನೋಡಿ.

ಬುಧವಾರ ಹೊಲಿಗೆ ಅಂಗಡಿಗೆ ಹೋಗಿದ್ದೆ. ಹೊಲಿಸುವುದು ಏನೂ ಇರಲಿಲ್ಲ. ಇಸ್ತ್ರಿ ಹಾಕುವವಳ ಹತ್ತಿರ ಹೋಗಿ, "ಶುಕ್ರವಾರ ಅವಳು ಒಂದು ಬಾಗಿಲು ತಟ್ಟುತ್ತಾಳೆ" ಅಂದೆ. ಮೊದಲೇ ಹೇಳಬಾರದು ಅನ್ನುವ ನಿಯಮ ಮುರಿದೆ, ನಿರ್ದೇಶಕರಿಗೆ ಬೇಕಾದರೆ ದೂರು ಬರೆಯಿರಿ.

"ತೆಗೀತಾರಾ?" ಅಂದಳು.

"ಗೊತ್ತಿಲ್ಲ."

"ತೆಗೀದಿದ್ರೆ?"

"ಅದೂ ಗೊತ್ತಿಲ್ಲಮ್ಮ. ಅಲ್ಲಿಗೆ ಹೋಗಿ ನಿಂತಿರ್ತಾಳೆ, ಅಷ್ಟೇ."

ಅವಳು ಅಂಗಿಯ ಕಾಲರನ್ನು ಇನ್ನೊಮ್ಮೆ ಒತ್ತಿದಳು. ಇವತ್ತು ಬೆಳಿಗ್ಗೆ ಆ ದಾರಿಯಲ್ಲಿ ಬಂದೆ. ಇಸ್ತ್ರಿಪೆಟ್ಟಿಗೆ ತಣ್ಣಗೆ ಕೂತಿತ್ತು, ಅವಳಿರಲಿಲ್ಲ. ಎಲ್ಲಿ ಅಂತ ಅಂಗಡಿಯವನನ್ನು ಕೇಳಿದೆ. "ಯಾರದೋ ಮನೆಗೆ ಹೋಗಿ ಬರ್ತೀನಿ ಅಂತ ರಜೆ ಹಾಕಿದಾಳೆ" ಅಂದ.

ತರಕಾರಿ ಅಂಗಡಿಯಲ್ಲಿ ಇವತ್ತು ಬಾಯಿಬಿಟ್ಟೇ ಈರುಳ್ಳಿ ಕೇಳಿದೆ. ಕೊಳೆತದ್ದೇ ಕೊಟ್ಟ. ತೆಗೆದುಕೊಂಡೆ. ಅವನಿಗೂ ನಾನು ಇಷ್ಟವಾಗಬೇಕು ಅಂತ ನನಗೇನೂ ಇಲ್ಲ.

ಅತ್ತಿಗೆಯವರಿಗೆ ನನ್ನ ನಮಸ್ಕಾರ ತಿಳಿಸಿ, ಈ ಸಲ ಯಾರಿಗೆ ಅಂತ ಗೊತ್ತಿದ್ದೇ ಹೇಳುತ್ತಿದ್ದೇನೆ. ನಿಮ್ಮ ಮನೆಯವರಿಗೆ ಹೇಳಿ, ಅವರು ಎಷ್ಟು ದಿನ ಕ್ಷಮಿಸುವುದಿಲ್ಲವೋ ಅಷ್ಟು ದಿನ ಕ್ಷಮಿಸದೇ ಇರಲಿ. ಯಾರ ಅವಸರಕ್ಕೂ ಬಾಗಬೇಕಿಲ್ಲ.

ಮುಂದಿನ ಕಂತಿನಲ್ಲೂ ಬಾಗಿಲು ತೆರೆಸಬೇಡಿ. ನನ್ನ ಇನ್ನೊಂದು ಕೈ ಚೆನ್ನಾಗಿದೆ.

ನಿಮ್ಮ ತಂಗಿ